ಕರೆದದ್ದು 1955ರಲ್ಲಿ, ಮಾತು ಕಲಿಸಿದ್ದು 2005ರಲ್ಲಿ

ಜರ್ಮನಿಯ ಬಾನ್ ನಗರದ ಇತಿಹಾಸ ಮ್ಯೂಸಿಯಂನಲ್ಲಿ ಒಂದು ಮೊಪೆಡ್ ಇದೆ. ಝುಂಡಾಪ್ ಕಂಪನಿಯದು. ನಮ್ಮ ಹಳೆಯ ಲೂನಾಗಿಂತ ಕೊಂಚ ದಷ್ಟಪುಷ್ಟ. 1964ರ ಸೆಪ್ಟೆಂಬರ್ 10ರಂದು ಅದು ಕೊಲೋನ್ ನಗರದ ಡಾಯ್ಟ್ಸ್ ರೈಲು ನಿಲ್ದಾಣದಲ್ಲಿ ನಿಂತಿತ್ತು. ವಾದ್ಯದವರು, ಪತ್ರಕರ್ತರು, ಉದ್ಯಮಿಗಳ ಸಂಘದ ಪದಾಧಿಕಾರಿಗಳೆಲ್ಲ ಅದರ ಸುತ್ತ ನೆರೆದಿದ್ದರು. ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಕೂಲಿಗೆ ಹೊರಟ ಸಾವಿರದಷ್ಟು ಗಂಡಸರು ವಿಶೇಷ ರೈಲುಗಳಿಂದ ಇಳಿದರು. ಧ್ವನಿವರ್ಧಕ ಒಂದು ಹೆಸರು ಕೂಗಿತು: ಅರ್ಮಾಂಡೊ ರೊಡ್ರಿಗಸ್ ಡ ಸಾ. ಪೋರ್ಚುಗಲ್‌ನ ಹಳ್ಳಿಯೊಂದರ ಬಡಗಿ, ವಯಸ್ಸು 38. ಹೆಸರು ಕೇಳಿದೊಡನೆ ಆತನಿಗೆ ಹುಟ್ಟಿದ್ದು ಭಯ. ಕಾಗದಪತ್ರದಲ್ಲಿ ಏನೋ ಎಡವಟ್ಟಾಗಿದೆ, ಬಂದ ರೈಲಿಗೇ ವಾಪಸ್ಸು ಹತ್ತಿಸುತ್ತಾರೆ ಎಂದುಕೊಂಡರಂತೆ. ಆದರೆ ಕೈಗೆ ಹೂವು ಬಂತು, ಮೊಪೆಡ್ ಬಂತು. ಜರ್ಮನಿಗೆ ಬಂದ ಹತ್ತು ಲಕ್ಷನೆಯ ‘ಅತಿಥಿ ಕಾರ್ಮಿಕ’ ಆತ ಎಂದು ಘೋಷಣೆಯಾಯಿತು. ಟೋಪಿ ಹಾಕಿಕೊಂಡು, ಏನು ನಡೆಯುತ್ತಿದೆ ಎಂದು ಪೂರ್ತಿ ಅರ್ಥವಾಗದ ಮುಖದಲ್ಲಿ ಮೊಪೆಡ್ ಮೇಲೆ ಕುಳಿತ ಆ ಬಡಗಿಯ ಫೋಟೊ ಇವತ್ತಿಗೂ ಜರ್ಮನಿಯ ಶಾಲಾ ಪುಸ್ತಕಗಳಲ್ಲಿದೆ.

ಫೋಟೊದ ನಂತರದ ಕತೆ ಅಷ್ಟಾಗಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ವರ್ಷ ದುಡಿದ ಮೇಲೆ ಅರ್ಮಾಂಡೊ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಊರಿಗೆ ಮರಳಿದರು. ಕೂಡಿಟ್ಟದ್ದೆಲ್ಲ ಚಿಕಿತ್ಸೆಗೆ ಕರಗಿತು. 1979ರಲ್ಲಿ ತೀರಿಕೊಂಡರು. ಅವರ ಸಂಬಳದಿಂದ ತಿಂಗಳು ತಿಂಗಳೂ ಜರ್ಮನಿಯ ಆರೋಗ್ಯ ವಿಮೆಗೆ ಹಣ ಹೋಗುತ್ತಿತ್ತು. ಆ ವಿಮೆಯಿಂದ ತನ್ನ ಚಿಕಿತ್ಸೆಗೆ ನೆರವು ಕೇಳಬಹುದು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ವಾದ್ಯ ನುಡಿಸಿ ಬರಮಾಡಿಕೊಂಡವರಲ್ಲಿ ಯಾರೂ ಅದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿರಲಿಲ್ಲ.

ವಲಸೆ ಬಂದವರು ನಮ್ಮೊಡನೆ ಬೆರೆಯುವುದಿಲ್ಲ, ನಮ್ಮ ಭಾಷೆ ಕಲಿಯುವುದಿಲ್ಲ, ತಮ್ಮದೇ ಕೇರಿ ಕಟ್ಟಿಕೊಂಡು ಇರುತ್ತಾರೆ. ಈ ದೂರು ಇವತ್ತು ಜಗತ್ತಿನ ಎಲ್ಲ ಕಡೆ ಇದೆ. ಜರ್ಮನಿಯಲ್ಲಂತೂ ಚುನಾವಣೆಗಳೇ ಇದರ ಮೇಲೆ ನಡೆಯುತ್ತವೆ. ಬೆರೆಯುವುದನ್ನು ನಾವು ಮನಸ್ಸಿನ ಮಾತು ಎಂದುಕೊಳ್ಳುತ್ತೇವೆ: ಇವರಿಗೆ ಇಷ್ಟವಿಲ್ಲ, ಅವರಿಗೆ ಔದಾರ್ಯವಿಲ್ಲ. ಜರ್ಮನಿಯ ಎಪ್ಪತ್ತು ವರ್ಷಗಳ ಅನುಭವವನ್ನು ಓದುತ್ತಾ ಹೋದಂತೆ ನನಗೆ ಮನವರಿಕೆಯಾದದ್ದು ಬೇರೆ. ಒಬ್ಬ ಕೂಲಿಯಾಳು ಬೆರೆಯುತ್ತಾನೋ ಇಲ್ಲವೋ ಎಂಬುದು ಬಹುಪಾಲು ಅವನ ಕೈಗೆ ಕೊಟ್ಟ ಕಾಗದದಲ್ಲೇ ತೀರ್ಮಾನವಾಗಿರುತ್ತದೆ. ಎಷ್ಟು ದಿನ ಇರಬಹುದು, ಎಲ್ಲಿ ಮಲಗಬೇಕು, ಹೆಂಡತಿ ಮಕ್ಕಳು ಬರಬಹುದೇ, ಈ ಮಾಲೀಕನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗಬಹುದೇ.

ಯುದ್ಧದಲ್ಲಿ ನೆಲಕಚ್ಚಿದ್ದ ಪಶ್ಚಿಮ ಜರ್ಮನಿ 1950ರ ದಶಕದಲ್ಲಿ ಎದ್ದು ನಿಂತಿತು. ಕಾರ್ಖಾನೆಗಳು ತುಂಬಿದವು, ಆಳು ಸಾಲದಾಯಿತು. 1955ರ ಡಿಸೆಂಬರ್‌ನಲ್ಲಿ ಇಟಲಿಯೊಡನೆ ಮೊದಲ ಒಪ್ಪಂದ. 1960ರಲ್ಲಿ ಸ್ಪೇನ್, ಗ್ರೀಸ್. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವ ಜರ್ಮನಿಯಿಂದ ಬರುತ್ತಿದ್ದ ಕೆಲಸಗಾರರ ಹೊಳೆ ಒಂದೇ ರಾತ್ರಿಯಲ್ಲಿ ಬತ್ತಿತು. ಅದೇ ವರ್ಷದ ಅಕ್ಟೋಬರ್ 30ರಂದು ಟರ್ಕಿಯೊಡನೆ ಒಪ್ಪಂದ. ಮುಂದೆ ಮೊರಾಕೊ, ಪೋರ್ಚುಗಲ್, ಟ್ಯುನೀಸಿಯಾ, ಯುಗೊಸ್ಲಾವಿಯಾ.

ಬಂದವರನ್ನು ಏನೆಂದು ಕರೆಯುವುದು? ಹಿಟ್ಲರನ ಕಾಲದಲ್ಲಿ ಹೊರದೇಶಗಳಿಂದ ಎಳೆದು ತಂದು ದುಡಿಸಿಕೊಂಡವರಿಗೆ ‘ಪರಕೀಯ ಕಾರ್ಮಿಕ’ ಎಂಬ ಹೆಸರಿತ್ತು. ಆ ಕಳಂಕ ತಗುಲಬಾರದೆಂದು ‘ಗಾಸ್ಟ್‌ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕ ಎಂಬ ಮಾತು ಬಳಕೆಗೆ ಬಂತು. ತಿಥಿ ನೋಡದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಾರೆ. ಈ ಅತಿಥಿಗಳಿಗೆ ಬರುವ ದಿನ ಮಾತ್ರವಲ್ಲ, ಹೋಗುವ ದಿನವೂ ಗೊತ್ತುಮಾಡಿಯಾಗಿತ್ತು. ಟರ್ಕಿಯವರಿಗೆ ಎರಡು ವರ್ಷ. ಎರಡು ವರ್ಷ ದುಡಿದು ಹೊರಟರೆ ಅವರ ಜಾಗಕ್ಕೆ ಹೊಸ ತಂಡ. ಇದಕ್ಕೆ ‘ಸರದಿ ಪದ್ಧತಿ’ ಎಂದೇ ಹೆಸರು. ಕುಟುಂಬ ಕರೆತರುವ ಮಾತು ಆ ಒಪ್ಪಂದದಲ್ಲಿ ಇರಲೇ ಇಲ್ಲ.

ಆಯ್ಕೆ ನಡೆಯುತ್ತಿದ್ದುದು ಇಸ್ತಾಂಬುಲ್‌ನ ಜರ್ಮನ್ ಕಚೇರಿಯಲ್ಲಿ. ಆ ತಪಾಸಣೆಯ ಚಿತ್ರಗಳನ್ನು ಜಾನ್ ಮೋರ್ ಎಂಬ ಸ್ವಿಸ್ ಛಾಯಾಗ್ರಾಹಕ ತೆಗೆದಿದ್ದಾರೆ. ಲೇಖಕ ಜಾನ್ ಬರ್ಜರ್ ಜತೆ ಸೇರಿ ಅವರು 1975ರಲ್ಲಿ ತಂದ ‘ಎ ಸೆವೆಂತ್ ಮ್ಯಾನ್’ ಪುಸ್ತಕದಲ್ಲಿ ಅವನ್ನು ನೋಡಬಹುದು. ಗಂಡಸರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದಾರೆ. ಮೈಮೇಲೆ ಪೆನ್ನಿನಲ್ಲಿ ನಂಬರು ಬರೆದಿದೆ. ಹಲ್ಲು, ಎದೆ, ಬೆನ್ನುಮೂಳೆ, ಮೂತ್ರ, ರಕ್ತ ಎಲ್ಲದರ ಪರೀಕ್ಷೆ. ಜಾನುವಾರು ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲೆಣಿಸುವುದನ್ನು ಕಂಡವರಿಗೆ ಈ ಚಿತ್ರ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಪಾಸಾದವರು ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿ ಎರಡು ಮೂರು ದಿನ ಕುಳಿತೇ ಪ್ರಯಾಣ ಮಾಡಿ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂನಲ್ಲಿ ಇಳಿಯುತ್ತಿದ್ದರು. ಅದರ ಕೆಳಗೆ ಯುದ್ಧಕಾಲದ ಬಾಂಬು ನಿರೋಧಕ ನೆಲಮಾಳಿಗೆಯೊಂದಿತ್ತು. ಅಲ್ಲಿ ಊಟ ಕೊಟ್ಟು, ಹೆಸರು ಕರೆದು, ಯಾರು ಯಾವ ಫ್ಯಾಕ್ಟರಿಗೆ ಎಂದು ವಿಂಗಡಿಸಿ ಮುಂದಿನ ರೈಲಿಗೆ ಹತ್ತಿಸುತ್ತಿದ್ದರು. ವಾಸ ಫ್ಯಾಕ್ಟರಿ ಪಕ್ಕದ ಹಾಸ್ಟೆಲಿನಲ್ಲಿ, ಒಂದು ಕೋಣೆಗೆ ನಾಲ್ಕೋ ಆರೋ ಜನ, ಒಂದರ ಮೇಲೊಂದು ಮಂಚ.

ಈಗ ಆ ಮೇಲಿನ ಮಂಚದವನ ಜಾಗದಲ್ಲಿ ನಿಂತು ಯೋಚಿಸೋಣ. ಟರ್ಕಿಯ ಅನತೋಲಿಯದ ಯಾವುದೋ ಹಳ್ಳಿಯವನು. ಬರುವಾಗ ಸಾಲ ಮಾಡಿದ್ದಾನೆ. ಊರಿನಲ್ಲಿ ಟ್ರ್ಯಾಕ್ಟರು ಕೊಳ್ಳಬೇಕು, ತಂಗಿಯ ಮದುವೆ ಮಾಡಬೇಕು. ಎರಡು ವರ್ಷದ ಕಾಗದ ಕೈಯಲ್ಲಿದೆ. ಸಂಜೆ ಎರಡು ಗಂಟೆ ಸಿಕ್ಕರೆ ಅದನ್ನು ಜರ್ಮನ್ ವ್ಯಾಕರಣಕ್ಕೆ ಕೊಡುತ್ತಾನೋ, ಓವರ್‌ಟೈಮಿಗೆ ಕೊಡುತ್ತಾನೋ? ಭಾಷೆಗೆ ಕೊಟ್ಟ ಸಮಯ ಫಲ ಕೊಡಲು ವರ್ಷಗಳು ಬೇಕು. ಅಷ್ಟರಲ್ಲಿ ತಾನು ಇಲ್ಲಿರುವುದಿಲ್ಲ. ಓವರ್‌ಟೈಮಿನ ಹಣ ಶುಕ್ರವಾರವೇ ಕೈಗೆ ಬರುತ್ತದೆ. ಅವನು ಲೆಕ್ಕ ತಪ್ಪಲಿಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಸರ್ಕಾರವೂ ಅದೇ ಲೆಕ್ಕ ಹಾಕಿ ಅವನಿಗೆ ಪಾಠ ಹೇಳಿಸಲಿಲ್ಲ. ಹೋಗುವವನಿಗೆ ಭಾಷೆ ಯಾಕೆ?

ಆದರೆ ಎಲ್ಲರೂ ಹೋಗಲಿಲ್ಲ. ಸರದಿ ಪದ್ಧತಿಯನ್ನು ಮೊದಲು ಮುರಿದವರು ಕಾರ್ಮಿಕರಲ್ಲ, ಮಾಲೀಕರು. ಎರಡು ವರ್ಷ ಯಂತ್ರದ ಮುಂದೆ ನಿಂತು ಕೈ ಪಳಗಿದವನನ್ನು ಕಳಿಸಿ ಹೊಸಬನಿಗೆ ಮೊದಲಿನಿಂದ ಹೇಳಿಕೊಡುವುದು ಅವರಿಗೆ ನಷ್ಟ. ಅವರ ಒತ್ತಾಯದಿಂದ 1964ರಲ್ಲಿ ಎರಡು ವರ್ಷದ ಮಿತಿ ಹೋಯಿತು. ಕಾಗದ ವರ್ಷದಿಂದ ವರ್ಷಕ್ಕೆ ಮುಂದುವರಿಯತೊಡಗಿತು. ‘ಇನ್ನೊಂದು ವರ್ಷ, ಆಮೇಲೆ ಊರು’ ಎನ್ನುತ್ತ ಜನ ಹತ್ತು ವರ್ಷ ಕಳೆದರು. ಕರಾವಳಿಯಿಂದ ಗಲ್ಫ್‌ಗೆ ಹೋದವರ ಮನೆಗಳಲ್ಲಿ ಈ ‘ಇನ್ನೊಂದು ವರ್ಷ’ ಎಷ್ಟು ಉದ್ದ ಎಳೆಯುತ್ತದೆ ಎಂಬುದನ್ನು ಉಡುಪಿ, ಭಟ್ಕಳದ ಓದುಗರಿಗೆ ನಾನು ಹೇಳಬೇಕಿಲ್ಲ.

ಹೀಗೆ ಉಳಿದವರು ನಡೆಸಿದ, 1973ರ ಆಗಸ್ಟ್ ತಿಂಗಳಿನ ಎರಡು ಮುಷ್ಕರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾಯ್ಸ್ ಎಂಬ ಊರಿನಲ್ಲಿ ಪಿಯರ್‌ಬುರ್ಗ್ ಕಂಪನಿ ಕಾರುಗಳಿಗೆ ಕಾರ್ಬುರೇಟರ್ ತಯಾರಿಸುತ್ತಿತ್ತು. ಅಲ್ಲಿ ಜೋಡಣೆ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಟರ್ಕಿ, ಗ್ರೀಸ್, ಸ್ಪೇನ್, ಯುಗೊಸ್ಲಾವಿಯಾಗಳ ಹೆಂಗಸರು. ಅವರ ಕೂಲಿಯ ಹಿಂದೆ ಒಂದು ಜಾಣತನವಿತ್ತು. ಹೆಣ್ಣೆಂಬ ಕಾರಣಕ್ಕೆ ಕೂಲಿ ಕಡಿಮೆ ಕೊಡುವಂತಿಲ್ಲ ಎಂದು ಜರ್ಮನಿಯ ಕಾರ್ಮಿಕ ನ್ಯಾಯಾಲಯ 1955ರಲ್ಲೇ ಹೇಳಿತ್ತು. ಉದ್ಯಮಗಳು ‘ಹೆಣ್ಣು’ ಎಂಬ ಪದ ಅಳಿಸಿ ‘ಹಗುರ ಕೆಲಸ’ ಎಂಬ ವರ್ಗ ಮಾಡಿದವು, ಹೆಂಗಸರನ್ನೆಲ್ಲ ಅದಕ್ಕೆ ಹಾಕಿದವು. ದಿನವಿಡೀ ಬಗ್ಗಿ ಸಣ್ಣ ಸಣ್ಣ ಬಿಡಿಭಾಗ ಕೂಡಿಸುವುದು ಹಗುರವಂತೆ. ಆ ಹೆಂಗಸರು ಗಂಟೆಗೆ ಒಂದು ಮಾರ್ಕ್ ಹೆಚ್ಚಿಗೆ ಕೊಡಿ, ಹಗುರ ಕೆಲಸದ ವರ್ಗ ತೆಗೆಯಿರಿ ಎಂದು ಕೆಲಸ ನಿಲ್ಲಿಸಿದರು. ಪೊಲೀಸರು ಬಂದರು, ಎಳೆದಾಡಿದರು. ಕೆಲವು ದಿನಗಳ ನಂತರ ಅದೇ ಕಾರ್ಖಾನೆಯ ಜರ್ಮನ್ ಕುಶಲ ಕೆಲಸಗಾರರು ಯಂತ್ರ ನಿಲ್ಲಿಸಿ ಹೆಂಗಸರ ಜತೆ ನಿಂತರು. ಕೂಲಿ ಏರಿತು, ಆ ವರ್ಗವೇ ರದ್ದಾಯಿತು.

ಕೆಲವೇ ದಿನಗಳ ಅಂತರದಲ್ಲಿ ಹತ್ತಿರದ ಕೊಲೋನ್‌ನಲ್ಲಿ ಫೋರ್ಡ್ ಕಾರ್ಖಾನೆಯ ಮುಷ್ಕರ. ಟರ್ಕಿಯ ಹಳ್ಳಿಗೆ ಕಾರಿನಲ್ಲಿ ಹೋಗಿ ಬರಲಿಕ್ಕೇ ರಜೆಯ ದೊಡ್ಡ ಪಾಲು ಮುಗಿಯುತ್ತಿತ್ತು. ರಜೆ ಮುಗಿಸಿ ತಡವಾಗಿ ಬಂದರೆಂದು ಸುಮಾರು 300 ಟರ್ಕಿಯವರನ್ನು ಕಂಪನಿ ಕೆಲಸದಿಂದ ತೆಗೆಯಿತು. ಅವರ ಪಾಲಿನ ಕೆಲಸ ಲೈನಿನಲ್ಲಿ ಉಳಿದವರ ಮೇಲೆ ಬಿತ್ತು. ಸಾವಿರಾರು ಟರ್ಕಿಯವರು ಕಾರ್ಖಾನೆಯಲ್ಲೇ ಕುಳಿತರು. ಇಲ್ಲಿ ಕಾರ್ಮಿಕ ಸಂಘ ಅವರ ಜತೆ ನಿಲ್ಲಲಿಲ್ಲ, ಜರ್ಮನ್ ಸಹೋದ್ಯೋಗಿಗಳಲ್ಲಿ ಹೆಚ್ಚಿನವರೂ ನಿಲ್ಲಲಿಲ್ಲ. ವಾರದೊಳಗೆ ಪೊಲೀಸರ ಬಲದಿಂದ ಮುಷ್ಕರ ಮುರಿಯಿತು. ಅದೇ ತಿಂಗಳು, ಅದೇ ಸೀಮೆ, ಅದೇ ಕಾರು ಉದ್ಯಮ. ಬೆರೆಯುವುದು ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ಪಿಯರ್‌ಬುರ್ಗ್ ಅಂಗಳದ ಆ ಗಳಿಗೆಯನ್ನು ತೋರಿಸುತ್ತೇನೆ. ಭಾಷೆ ಸರಿಯಾಗಿ ಬಾರದ ಗ್ರೀಕ್ ಹೆಂಗಸಿನ ಪಕ್ಕದಲ್ಲಿ ಜರ್ಮನ್ ಕುಶಲಕರ್ಮಿ ನಿಂತದ್ದು ಯಾವ ಸಂಸ್ಕೃತಿ ಉತ್ಸವದಲ್ಲೂ ಅಲ್ಲ, ಕೂಲಿಯ ಪ್ರಶ್ನೆಯಲ್ಲಿ.

ಆ ವರ್ಷದ ನವೆಂಬರ್ 23ರಂದು ತೈಲ ಬಿಕ್ಕಟ್ಟಿನ ನಡುವೆ ಜರ್ಮನಿ ನೇಮಕಾತಿಯನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಬಂದಿದ್ದವರು ಸುಮಾರು 1 ಕೋಟಿ 40 ಲಕ್ಷ, ಮರಳಿದವರು 1 ಕೋಟಿ 10 ಲಕ್ಷ. ಬಾಗಿಲು ಹಾಕಿದರೆ ಪರಕೀಯರ ಸಂಖ್ಯೆ ಇಳಿಯುತ್ತದೆ ಎಂಬ ಎಣಿಕೆ ತಲೆಕೆಳಗಾಯಿತು. ಅದುವರೆಗೆ ಊರಿಗೆ ಹೋದವನು ಬೇಕೆನಿಸಿದಾಗ ಮತ್ತೆ ಬರಬಹುದಿತ್ತು. ಇನ್ನು ಮುಂದೆ ಒಮ್ಮೆ ಹೋದರೆ ಹೋದಂತೆಯೇ. ಹಾಗಾಗಿ ಹೋಗುವ ಬದಲು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1973ರಲ್ಲಿ ಸುಮಾರು 9 ಲಕ್ಷವಿದ್ದ ಟರ್ಕಿಯವರ ಸಂಖ್ಯೆ 1980ರ ಹೊತ್ತಿಗೆ 14 ಲಕ್ಷ ದಾಟಿತು.

1979ರಲ್ಲಿ ವಿದೇಶಿಯರ ವ್ಯವಹಾರಗಳ ಮೊದಲ ಆಯುಕ್ತ ಹೈನ್ಜ್ ಕ್ಯೂನ್ ಸರ್ಕಾರಕ್ಕೆ ವರದಿ ಕೊಟ್ಟರು. ಇವರು ಇನ್ನು ಅತಿಥಿಗಳಲ್ಲ, ನಾವು ವಲಸೆಯ ದೇಶವಾಗಿದ್ದೇವೆ. ಮಕ್ಕಳಿಗೆ ಶಾಲೆ, ಪೌರತ್ವ, ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕು ಕೊಡೋಣ ಎಂಬುದು ಅದರ ಸಾರ. ಸರ್ಕಾರ ಅದನ್ನು ಬದಿಗಿಟ್ಟಿತು. 1983ರಲ್ಲಿ ಬಂದದ್ದು ಬೇರೊಂದು ಕಾನೂನು: ಕೆಲಸ ಕಳೆದುಕೊಂಡವರು ದೇಶ ಬಿಟ್ಟು ಹೋದರೆ 10,500 ಮಾರ್ಕ್, ಮಗುವೊಂದಕ್ಕೆ ಇನ್ನೂ 1,500. ಪಿಂಚಣಿಗೆ ತಾವು ಕಟ್ಟಿದ ಕಂತು ವಾಪಸ್ಸು, ಮಾಲೀಕರು ಕಟ್ಟಿದ ಪಾಲು ಇಲ್ಲ. ಹತ್ತು ವರ್ಷ ದುಡಿದವನಿಗೆ ದಾರಿಖರ್ಚು. ಟರ್ಕಿಗೆ ಮರಳಿದ ಕುಟುಂಬಗಳ ಮಕ್ಕಳನ್ನು ಅಲ್ಲಿಯವರು ‘ಅಲ್ಮಾಂಜಿ’, ಜರ್ಮನಿಯವರು ಎಂದು ಕರೆದರು. ಎರಡೂ ಕಡೆ ಹೊರಗಿನವರಾಗಿ ಬೆಳೆದ ಮಕ್ಕಳವು. ಜರ್ಮನಿಯಲ್ಲೇ ಉಳಿದವರ ಮನೆಗಳಿಗೆ 1992ರ ನವೆಂಬರ್‌ನಲ್ಲಿ ಮ್ಯೋಲ್ನ್‌ನಲ್ಲಿ, 1993ರ ಮೇ 29ರಂದು ಜೋಲಿಂಗನ್‌ನಲ್ಲಿ ವಲಸಿಗರ ದ್ವೇಷಿಗಳು ಬೆಂಕಿಯಿಟ್ಟರು. ಮೊದಲನೆಯದರಲ್ಲಿ ಮೂವರು, ಎರಡನೆಯದರಲ್ಲಿ ಐವರು ಸತ್ತರು. ಎಲ್ಲರೂ ಹೆಂಗಸರು, ಹೆಣ್ಣುಮಕ್ಕಳು.

ಇದೆಲ್ಲ ಬಂಡವಾಳಶಾಹಿ ಪಶ್ಚಿಮದ ಕತೆ ಮಾತ್ರ ಎಂದುಕೊಳ್ಳಬೇಡಿ. ಸೋದರತ್ವದ ಮಾತಾಡುತ್ತಿದ್ದ ಪೂರ್ವ ಜರ್ಮನಿ ವಿಯೆಟ್ನಾಂ, ಮೊಜಾಂಬಿಕ್‌ಗಳಿಂದ ಗುತ್ತಿಗೆ ಕೆಲಸಗಾರರನ್ನು ತಂದು ಪ್ರತ್ಯೇಕ ಹಾಸ್ಟೆಲುಗಳಲ್ಲಿ ಇಟ್ಟಿತು. ಬಸುರಿಯಾದ ಹುಡುಗಿಗೆ ಗರ್ಭಪಾತ ಇಲ್ಲವೇ ಊರಿನ ದಾರಿ. ಮೊಜಾಂಬಿಕ್‌ನವರ ಸಂಬಳದ ಒಂದು ಪಾಲನ್ನು ಹಿಡಿದಿಟ್ಟು, ಊರಿಗೆ ಮರಳಿದಾಗ ಕೊಡುತ್ತೇವೆಂದರು. ಬಹುಪಾಲು ಜನರಿಗೆ ಅದು ಪೂರ್ತಿ ಸಿಗಲೇ ಇಲ್ಲ. ಆ ಕಾರ್ಮಿಕರು ದಶಕಗಳ ಕಾಲ ರಾಜಧಾನಿ ಮಾಪುಟೊದ ಬೀದಿಗಳಲ್ಲಿ ತಮ್ಮ ಹಣ ಕೇಳಿ ಮೆರವಣಿಗೆ ಮಾಡಿದ್ದಾರೆ.

2000ದಲ್ಲಿ ಜರ್ಮನಿಯ ಪೌರತ್ವ ಕಾನೂನು ಬದಲಾಯಿತು. ಅದುವರೆಗೆ ರಕ್ತಸಂಬಂಧವೇ ಆಧಾರ, ಅಲ್ಲೇ ಹುಟ್ಟಿದ ಮಗು ಕೂಡ ವಿದೇಶಿ. 2005ರ ಜನವರಿ 1ರಿಂದ ವಲಸೆಯ ಹೊಸ ಕಾನೂನು, ಅದರ ಜತೆಗೆ ದೇಶಾದ್ಯಂತ ಸರ್ಕಾರಿ ಭಾಷಾ ತರಗತಿ: 600 ಗಂಟೆ ಜರ್ಮನ್, ಜತೆಗೆ ದೇಶದ ಕಾನೂನು, ಇತಿಹಾಸದ ಪಾಠ. 1955ರಿಂದ 2005ಕ್ಕೆ ಹೆಚ್ಚುಕಡಿಮೆ ಐವತ್ತು ವರ್ಷ. ಅರ್ಧ ಶತಮಾನ ಎಲ್ಲರಿಗೂ ಪಾಠದ ವ್ಯವಸ್ಥೆ ಮಾಡದೆ ಇದ್ದು, ‘ಇವರು ಭಾಷೆ ಕಲಿಯಲಿಲ್ಲ’ ಎಂಬ ದೂರು ಮಾತ್ರ ಅಷ್ಟೂ ವರ್ಷ ನಡೆದಿತ್ತು.

ನಮ್ಮ ಮನೆಯಂಗಳದ ಮಾತೂ ಇಲ್ಲಿ ನೆನಪಾಗುತ್ತದೆ. ಕನ್ನಡ ಕಲಿಯಿರಿ ಎಂದು ಬೆಂಗಳೂರಿಗೆ ಬಂದವರನ್ನು ನಾವು ಕೇಳುವುದು ನ್ಯಾಯ. ನಾನೂ ಕೇಳುವವನೇ. ಆದರೆ ಏರ್ ಕಂಡೀಷನ್ ಕಚೇರಿಯಲ್ಲಿ ಹದಿನೈದು ವರ್ಷ ದುಡಿದು ಫ್ಲಾಟು ಕೊಂಡವರಿಗೂ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗಿ, ಸ್ಲ್ಯಾಬ್ ಹಾಕಿಯಾದ ಮೇಲೆ ಮೇಸ್ತ್ರಿ ಕರೆದ ಇನ್ನೊಂದು ಊರಿಗೆ ಹೋಗುವ ಒಡಿಶಾದ ಹುಡುಗನಿಗೂ ಒಂದೇ ದನಿಯಲ್ಲಿ ಕೇಳಲಾಗದು. ಆ ಹುಡುಗನಿಗೆ ಬೆಂಗಳೂರು ಎಂದರೆ ಶೆಡ್ಡು ಮತ್ತು ಸೈಟು, ಅಷ್ಟೇ.

ಹಾಗಾದರೆ ಪೌರತ್ವದ ಕಾಗದ ಗಟ್ಟಿಯಿದ್ದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. 2020ರ ಜೂನ್‌ನಲ್ಲಿ, ಕೋವಿಡ್‌ನ ಮೊದಲ ಬೇಸಿಗೆಯಲ್ಲಿ, ರೇಡಾ ವೀಡನ್‌ಬ್ರುಕ್ ಎಂಬ ಊರಿನ ದೊಡ್ಡ ಮಾಂಸ ಕಾರ್ಖಾನೆಯೊಂದರಲ್ಲಿ 1,500ಕ್ಕೂ ಹೆಚ್ಚು ಕೆಲಸಗಾರರಿಗೆ ಸೋಂಕು ತಗುಲಿತು. ಅವರಲ್ಲಿ ಬಹಳಷ್ಟು ಮಂದಿ ರೊಮೇನಿಯಾ, ಬಲ್ಗೇರಿಯಾದವರು. ಅಂದರೆ ಯುರೋಪಿಯನ್ ಒಕ್ಕೂಟದ ಪ್ರಜೆಗಳು. ವೀಸಾ ಬೇಡ, ಪರ್ಮಿಟ್ ಬೇಡ, ಎಷ್ಟು ವರ್ಷ ಬೇಕಾದರೂ ಇರಬಹುದು. ಆದರೂ ಅವರು ಕಾರ್ಖಾನೆಯ ನೌಕರರಲ್ಲ, ಉಪಗುತ್ತಿಗೆದಾರನ ಆಳುಗಳು. ಮಲಗುವ ಹಾಸಿಗೆ ಅವನದು, ಕೆಲಸಕ್ಕೆ ಒಯ್ಯುವ ವ್ಯಾನು ಅವನದು, ಹಾಸಿಗೆಯ ಬಾಡಿಗೆ ಸಂಬಳದಲ್ಲೇ ಮುರಿತ. ಕೆಲಸ ಹೋದರೆ ಅದೇ ದಿನ ಮನೆಯೂ ಹೋಯಿತು. ಈ ಅಗ್ಗದ ಕೂಲಿಯ ಬಲದಿಂದ ಜರ್ಮನ್ ಕಸಾಯಿಖಾನೆಗಳು ನೆರೆಯ ಡೆನ್ಮಾರ್ಕಿನ ಕೆಲಸವನ್ನೂ ಸೆಳೆದಿದ್ದವು: ಹಂದಿ ಡೆನ್ಮಾರ್ಕಿನದು, ಕತ್ತರಿಸುವ ಕೈ ರೊಮೇನಿಯಾದ್ದು, ಕೆಲಸ ಹೋದದ್ದು ಡೇನಿಷ್ ಕಟುಕರದು. ಜಾಗತೀಕರಣ ಎಂಬ ದೊಡ್ಡ ಮಾತು ನೆಲಕ್ಕಿಳಿದಾಗ ಹೀಗೆ ಕಾಣುತ್ತದೆ.

ಸೋಂಕು ಊರಿಗೆಲ್ಲ ಹರಡುವ ಭಯ ಹುಟ್ಟಿದಾಗ ಮಾತ್ರ ಎಲ್ಲರ ಕಣ್ಣು ಆ ಹಾಸ್ಟೆಲುಗಳ ಕಡೆ ತಿರುಗಿತು. ವರ್ಷಗಳಿಂದ ಆಗದೆ ಇದ್ದದ್ದು ಆರೇ ತಿಂಗಳಲ್ಲಿ ಆಯಿತು. ದೊಡ್ಡ ಮಾಂಸ ಕಾರ್ಖಾನೆಗಳಲ್ಲಿ ಕಡಿಯುವ, ಕತ್ತರಿಸುವ ಕೆಲಸಕ್ಕೆ ಉಪಗುತ್ತಿಗೆ ಕೂಡದು ಎಂಬ ಕಾನೂನು 2021ರ ಜನವರಿಯಿಂದ ಜಾರಿಗೆ ಬಂತು. ಕಾರ್ಖಾನೆಯೇ ಅವರನ್ನು ನೌಕರರನ್ನಾಗಿ ತೆಗೆದುಕೊಳ್ಳಬೇಕು. ದೇಶವ್ಯಾಪಿ ಕನಿಷ್ಠ ವೇತನವೂ ಜರ್ಮನಿಗೆ ಬಂದದ್ದು 2015ರಲ್ಲಿ, ಗಂಟೆಗೆ 8.50 ಯೂರೊ, 2022ರ ಅಕ್ಟೋಬರ್‌ನಲ್ಲಿ ಅದು 12 ಆಯಿತು. ಕಾನೂನು ಬಂದೊಡನೆ ಎಲ್ಲ ನೆಟ್ಟಗಾಗಲಿಲ್ಲ. ಆದರೆ ಕೂಲಿಯ ತಳ ಗಟ್ಟಿಯಾಗದೆ ಮೇಲಿನ ಯಾವ ಸೌಹಾರ್ದವೂ ನಿಲ್ಲದು ಎಂಬುದನ್ನು ಆ ದೇಶ ಕಡೆಗಾದರೂ ಒಪ್ಪಿಕೊಂಡ ಗುರುತು ಇದು.

ಅದೇ 2020ರ ಕೊನೆಯಲ್ಲಿ ಜಗತ್ತಿಗೆಲ್ಲ ಇನ್ನೊಂದು ಹೆಸರು ಕೇಳಿಸಿತು: ಊರ್ ಶಾಹಿನ್. ಕೋವಿಡ್ ಲಸಿಕೆ ತಂದ ಬಯೋಎನ್‌ಟೆಕ್ ಕಂಪನಿಯನ್ನು ಪತ್ನಿ ಓಜ್ಲೆಮ್ ತ್ಯುರೆಜಿ ಜತೆ ಕಟ್ಟಿದ ವಿಜ್ಞಾನಿ. ಅವರ ತಂದೆ ಕೊಲೋನ್‌ನ ಫೋರ್ಡ್ ಕಾರ್ಖಾನೆಯ ಕೆಲಸಗಾರ. ಪತ್ರಿಕೆಗಳೆಲ್ಲ ಇದನ್ನು ಬೆರೆಯುವಿಕೆಯ ಗೆಲುವು ಎಂದು ಹೊಗಳಿದವು. ನನಗೆ ಆ ಕತೆಯಲ್ಲಿ ಮುಖ್ಯವಾಗಿ ಕಂಡದ್ದು ಬೇರೆ ವಿವರ. ಜರ್ಮನಿಯ ಬಹುತೇಕ ಕಡೆ ನಾಲ್ಕನೇ ತರಗತಿಯ ಹೊತ್ತಿಗೇ ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂದು ಶಿಕ್ಷಕರು ಶಿಫಾರಸು ಮಾಡುತ್ತಾರೆ. ಶಾಹಿನ್ ಅವರಿಗೆ ಸಿಕ್ಕ ಶಿಫಾರಸು ವಿಶ್ವವಿದ್ಯಾಲಯಕ್ಕೆ ಒಯ್ಯದ, ಕೆಳಹಂತದ ಶಾಲೆಗೆ. ಪಕ್ಕದ ಮನೆಯ ಜರ್ಮನ್ ಒಬ್ಬರು ನಡುವೆ ಬಂದು ಮಾತಾಡಿದ್ದರಿಂದ ಅದು ತಪ್ಪಿತು. ಪಕ್ಕದ ಮನೆ ಎಂಬುದೊಂದು ಇತ್ತು ಎಂಬುದನ್ನು ಗಮನಿಸಿ. ಹಾಸ್ಟೆಲಿನವನಿಗೆ ಪಕ್ಕದ ಮನೆ ಇರುವುದಿಲ್ಲ. ಇನ್ನೂ ಒಂದು ಮಾತು: ಮಗ ಲಸಿಕೆ ಕಂಡುಹಿಡಿದ ಎಂಬ ಕಾರಣಕ್ಕೆ ಆ ತಂದೆಯ ದುಡಿಮೆಗೆ ಗೌರವ ಬರಬೇಕಾಗಿಲ್ಲ. ಲೈನಿನಲ್ಲಿ ನಿಂತು ಕಾರು ಜೋಡಿಸಿದ್ದಷ್ಟೇ ಸಾಕಿತ್ತು.

ಈಗ ಸರದಿ ನಮ್ಮವರದು. ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್‌ನಲ್ಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತೀಯ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಮುದುಕರು ಹೆಚ್ಚುತ್ತಿರುವ ಆ ದೇಶಕ್ಕೆ ನರ್ಸ್‌ಗಳು ತುರ್ತಾಗಿ ಬೇಕು. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಂದ ಹೊರಬಂದ ಹುಡುಗಿಯರು ಜರ್ಮನ್ ತರಗತಿಗಳಲ್ಲಿ ಕುಳಿತಿದ್ದಾರೆ.

ಇದು ಮೊದಲ ಸಲವೂ ಅಲ್ಲ. 1960ರ ದಶಕದಲ್ಲೇ ಕ್ಯಾಥೊಲಿಕ್ ಸಂಸ್ಥೆಗಳ ಮೂಲಕ ಕೇರಳದ ಸಾವಿರಾರು ಯುವತಿಯರು ಅಲ್ಲಿಯ ಆಸ್ಪತ್ರೆಗಳಿಗೆ ಹೋಗಿದ್ದರು. ಮದುವೆಯಾಗಿ ಹಿಂದೆ ಹೋದ ಗಂಡಂದಿರಿಗೆ ವರ್ಷಗಟ್ಟಲೆ ಕೆಲಸ ಮಾಡುವ ಅನುಮತಿ ಇರಲಿಲ್ಲ. 1970ರ ದಶಕದ ಕೊನೆಗೆ ನರ್ಸ್‌ಗಳು ಸಾಕೆನಿಸಿದಾಗ ಕೆಲವು ರಾಜ್ಯಗಳು ಪರ್ಮಿಟ್ ಮುಂದುವರಿಸಲಿಲ್ಲ. ಕಷ್ಟಪಟ್ಟು ನೆಲೆ ಮಾಡಿಕೊಂಡವರು ಪೆಟ್ಟಿಗೆ ಕಟ್ಟಬೇಕಾಯಿತು. ಅದೇ ಹೊತ್ತಿನಲ್ಲಿ ದಕ್ಷಿಣ ಕೊರಿಯಾದ ನರ್ಸ್‌ಗಳು ಸಹಿ ಸಂಗ್ರಹಿಸಿ ಹೋರಾಡಿ ಅಲ್ಲೇ ಉಳಿಯುವ ಹಕ್ಕು ಪಡೆದರು.

ಇಂದಿನ ಹುಡುಗಿಯ ಸ್ಥಿತಿ ಅವರಿಗಿಂತ ಎಷ್ಟೋ ಮೇಲು. ಅರವತ್ತು ವರ್ಷದ ಹಿಂದೆ ಅನತೋಲಿಯದವನಿಗೆ ಇಲ್ಲದ ಭಾಷೆ ಅವಳಿಗೆ ಹೊರಡುವ ಮೊದಲೇ ಬರುತ್ತದೆ. 2024ರ ಜೂನ್ 27ರಿಂದ ಜಾರಿಗೆ ಬಂದ ಕಾನೂನಿನಂತೆ ಐದು ವರ್ಷ ನೆಲೆಸಿದವರು ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದೇ ಕಾನೂನಿನಲ್ಲಿ ಹಳೆಯ ಅತಿಥಿ ಕಾರ್ಮಿಕರಿಗೂ ಒಂದು ಸಾಲು ಇದೆ: 1974ರ ಜೂನ್ 30ರೊಳಗೆ ಬಂದವರಿಗೆ ಲಿಖಿತ ಪರೀಕ್ಷೆ ಬೇಡ, ದಿನನಿತ್ಯದ ಮಾತು ಆಡಬಲ್ಲರಾದರೆ ಸಾಕು. ಆ ಸಾಲು ಯಾರಿಗಾಗಿ ಬರೆದದ್ದೋ ಅವರಲ್ಲಿ ಹಲವರು ಅದನ್ನು ನೋಡಲು ಉಳಿದಿರಲಿಲ್ಲ.

ಆದರೂ ಕೆಳಹಂತದ ಕೂಲಿ ಎಂಬುದು ಹೊಸ ಬಾಗಿಲಿನಿಂದ ಬರುತ್ತದೆ. ನಾಲ್ಕು ವರ್ಷ ಓದಿ ಬಿ.ಎಸ್ಸಿ. ನರ್ಸಿಂಗ್ ಮಾಡಿದವಳನ್ನು ಜರ್ಮನಿ ಕೂಡಲೇ ನರ್ಸ್ ಎಂದು ಒಪ್ಪುವುದಿಲ್ಲ. ಪದವಿಗೆ ಮಾನ್ಯತೆ ಸಿಗುವವರೆಗೆ ಅವಳು ಸಹಾಯಕಿ, ಸಂಬಳವೂ ಸಹಾಯಕಿಯದೇ. ಆ ತಿಂಗಳುಗಳು ಎಷ್ಟು ಎಂಬುದು ಆಸ್ಪತ್ರೆ ಅವಳನ್ನು ಪರೀಕ್ಷೆಗೆ ತಯಾರಿ ಮಾಡಲು ಬಿಡುತ್ತದೆಯೋ ಇಲ್ಲವೋ ಎಂಬುದರ ಮೇಲಿದೆ. ಕೆಲವು ಒಪ್ಪಂದಗಳಲ್ಲಿ ಇನ್ನೊಂದು ಷರತ್ತು ಇರುತ್ತದೆ: ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಭಾಷಾ ತರಗತಿಯ ಖರ್ಚು, ವಿಮಾನದ ಖರ್ಚು ವಾಪಸ್ಸು ಕಟ್ಟಬೇಕು. ಮಾಲೀಕನನ್ನು ಬಿಟ್ಟು ಹೋಗಲಾಗದಂತೆ ಕಟ್ಟಿಹಾಕುವ ಹಳೆಯ ಹಗ್ಗವೇ ಇದು. ನೇಮಕಾತಿಯ ಖರ್ಚನ್ನು ಮಾಲೀಕರೇ ಹೊರಬೇಕು, ನರ್ಸ್‌ನಿಂದ ಬಿಡಿಗಾಸು ತೆಗೆದುಕೊಳ್ಳಬಾರದು ಎಂಬ ನಿಯಮಕ್ಕೆ ಒಪ್ಪಿದ ಏಜೆನ್ಸಿಗಳಿಗೆ ಜರ್ಮನ್ ಸರ್ಕಾರ ಒಂದು ಮುದ್ರೆ ಕೊಡುತ್ತದೆ. ಕೆಲಸದ ಹಕ್ಕುಗಳ ಬಗ್ಗೆ ಹೊರದೇಶದವರಿಗೆ ಉಚಿತವಾಗಿ ಹೇಳಿಕೊಡುವ ಸಲಹಾ ಕೇಂದ್ರಗಳನ್ನೂ ಅಲ್ಲಿ ತೆರೆದಿದ್ದಾರೆ.

ತುಮಕೂರಿನದೋ ಹಾಸನದ್ದೋ ಹುಡುಗಿ ಸಹಿ ಹಾಕಲಿರುವ ಒಪ್ಪಂದಪತ್ರ ಜರ್ಮನ್‌ನಲ್ಲಿರುತ್ತದೆ, ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ ಇರಬಹುದು. ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುವ ಒಂದು ಮೇಜು, ಒಬ್ಬ ತಿಳಿದವರು, ಪ್ರತಿ ನರ್ಸಿಂಗ್ ಕಾಲೇಜಿನಲ್ಲೂ ಇರಬೇಕು. ಅದಕ್ಕೆ ಆಗುವ ಖರ್ಚು ಡಾಯ್ಟ್ಸ್ ನಿಲ್ದಾಣದಲ್ಲಿ ಕೊಟ್ಟ ಆ ಮೊಪೆಡ್ಡಿಗಿಂತ ಹೆಚ್ಚಾಗಲಾರದು.